ಧೂಳಿಲ್ಲದ ದೇಶದಲ್ಲಿ ಧೂಳಿನ ಕಾರು

ಮೆಹದಿಪಟ್ಟಣಂ

ನೆದರ್ಲೆಂಡ್ಸ್‌ಗೆ ಹೋಗಿ ಬಂದವರು ಹೂವಿನ ಹೊಲ, ಗಾಳಿಗಿರಣಿ, ಕಾಲುವೆಯ ದೋಣಿ ಎಂದು ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಅವು ಒಂದೂ ಇಲ್ಲ. ನಾನು ಮತ್ತು ಅವ್ವ ಆ ದೇಶದಲ್ಲಿ ನೋಡಿದ್ದು ಒಂದು ಸಣ್ಣ ಊರು, ಒಂದು ಕ್ರೀಡಾಂಗಣ, ಒಂದು ಗ್ಯಾರೇಜು. ಆ ಕ್ರೀಡಾಂಗಣದಲ್ಲಿ ಅವ್ವ ಮಾಡಿದ ಕೆಲಸ ನೆನೆದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಮನೆಗೆ ಬಂದವರು "ಹೆಂಗಿತ್ತವಾ ಫಾರಿನ್ನು?" ಎಂದು ಕೇಳಿದರೆ ಅವ್ವ ನನ್ನ ಮುಖ ನೋಡುತ್ತಾಳೆ, ನಾನು ಚಹಾ ಇಡಲು ಎದ್ದು ಹೋಗುತ್ತೇನೆ. ಇಲ್ಲಿ ಮಾತ್ರ ಪೂರ್ತಿ ಹೇಳಿಬಿಡುತ್ತೇನೆ.

ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಮನೆಗೆ ಬಂದ ಮೇಲೆ ಮಾಡೆಲ್ ಕಾರು ಕಟ್ಟುತ್ತೇನೆ. ಆಟಿಕೆ ಎಂದರೆ ನನಗೆ ಸಿಟ್ಟು ಬರುತ್ತದೆ. ನಿಜವಾದ ಕಾರನ್ನು ಅಳತೆ ತಪ್ಪದಂತೆ ಅಂಗೈ ಗಾತ್ರಕ್ಕೆ ಇಳಿಸಿ, ಸೀಟಿನ ಹೊಲಿಗೆ, ನಂಬರ್ ಪ್ಲೇಟಿನ ಸ್ಕ್ರೂ ಕೂಡ ಬಿಡದೆ ಮಾಡಿ ಬಣ್ಣ ಹಚ್ಚುವ ಹುಚ್ಚು ಇದು. ಈ ಹುಚ್ಚಿಗೆ ಹೈದರಾಬಾದಿನಲ್ಲಿ ಒಬ್ಬನೇ ವೈರಿ, ಧೂಳು. ಹಸಿ ಬಣ್ಣದ ಮೇಲೆ ಒಂದು ಕಣ ಕೂತರೂ ಸಾಕು, ನಿಜವಾದ ಕಾರಿನ ಲೆಕ್ಕದಲ್ಲಿ ಅದು ಬಾನೆಟ್ ಮೇಲೆ ಬಿದ್ದ ಜಲ್ಲಿಕಲ್ಲು. ನಮ್ಮ ಮನೆ ಇರುವುದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ. ಹಾಗಾಗಿ ನಾನು ಬಣ್ಣ ಹೊಡೆಯುವುದು ಬಚ್ಚಲುಮನೆಯಲ್ಲಿ. ಗೋಡೆಗೆ ನೆಲಕ್ಕೆ ನೀರು ಚಿಮುಕಿಸಿ, ಗಾಳಿಯಲ್ಲಿದ್ದ ಧೂಳು ಕೆಳಗಿಳಿಯುವ ತನಕ ಕಾದು, ಕದ ಹಾಕಿಕೊಂಡು ಸ್ಪ್ರೇ ಹಿಡಿಯುತ್ತೇನೆ. ಹೊರಗಿನಿಂದ ಅವ್ವ ಕದ ಬಡಿಯುತ್ತಾಳೆ.

"ಲೀಲಾ, ಕಾರಿಗೆ ಜಳಕ ಮಾಡಸಾಕತ್ತಿ ಏನು? ನಂದೂ ಜಳಕ ಆಗಬೇಕವಾ!"

ಬೈದರೂ ಅವ್ವ ಈ ಯುದ್ಧದಲ್ಲಿ ನನ್ನ ಪಕ್ಷದವಳೇ. ಬಾಗಲಕೋಟೆ ಕಡೆಯವಳು. ಅಪ್ಪನಿಗೆ ಇಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸವಾಯಿತೆಂದು ಬಂದು ಇಲ್ಲಿಯವಳಾದಳು. ಅಪ್ಪ ಈಗಿಲ್ಲ. ಅವ್ವ ಬೆಳಗ್ಗೆ ಎದ್ದ ಕೂಡಲೇ ಸೆರಗಿನ ತುದಿ ಹಿಡಿದು ಹೊರಟಳೆಂದರೆ ಟಿ.ವಿ., ಫ್ರಿಜ್ಜು, ಗ್ಯಾಸಿನ ಸಿಲಿಂಡರು, ಕ್ಯಾಲೆಂಡರಿನಲ್ಲಿರುವ ದೇವರು ಯಾರನ್ನೂ ಬಿಡುವುದಿಲ್ಲ. ಧೂಳು ಕಂಡ ಅವ್ವನ ಕೈಯನ್ನು ಹಿಡಿದು ನಿಲ್ಲಿಸಿದವರನ್ನು ನಾನು ನೋಡಿಲ್ಲ.

ಇಂಟರ್ನೆಟ್ಟಿನಲ್ಲಿ ನಮ್ಮಂಥ ಹುಚ್ಚರದೇ ಒಂದು ಗುಂಪಿದೆ. ಅದರಲ್ಲಿ ಪರಿಚಯವಾದ ಮರೈಕೆ ಎಂಬ ಡಚ್ ಹೆಂಗಸು ತನ್ನೂರಿನ ಕ್ಲಬ್ಬಿನ ವಾರ್ಷಿಕ ಪ್ರದರ್ಶನಕ್ಕೆ ಕರೆದಳು. ನಾನು ಆಗಷ್ಟೇ ಮುಗಿಸಿದ್ದ ಬಿಳಿ ಅಂಬಾಸಡರ್ ಕಾರಿನ ಬಾನೆಟ್ಟಿನಲ್ಲಿ ಟ್ಯೂಬ್‌ಲೈಟು ಕಾಣುತ್ತಿತ್ತು, ಅಷ್ಟು ಹೊಳಪು. ಹೋಗಲೇಬೇಕೆನಿಸಿತು. ಅವ್ವ ತಾನೂ ಬರುತ್ತೇನೆಂದಳು.

"ನೀ ಬ್ಯಾಗ್ ಹಿಡಕೋತಿ. ಕಾರ್ ಯಾರ ಹಿಡಕೋಬೇಕು?"

ಶಂಷಾಬಾದ್

ವಿಮಾನ ನಿಲ್ದಾಣದ ತಪಾಸಣೆಯವನು ನನ್ನ ಡಬ್ಬಿ ತೆರೆಸಿ, ಹತ್ತಿಯ ನಡುವೆ ಮಲಗಿದ್ದ ಅಂಬಾಸಡರನ್ನು ನಾನು ಬೇಡ ಎನ್ನುವಷ್ಟರಲ್ಲಿ ಎತ್ತಿ ಟ್ರೇಯ ಮೇಲಿಟ್ಟ. ಆಮೇಲೆ ಹಿಂದಿನಿಂದ ಬೆರಳು ಕೊಟ್ಟು ತಳ್ಳಿದ! ನನ್ನ ಜೀವ ಬಾಯಿಗೆ ಬಂತು. ಗಾಲಿ ಅಂಟಿಸಿದ್ದರಿಂದ ಕಾರು ಅಲುಗಲಿಲ್ಲ.

"ಚಲ್ತಾ ನಹೀ ಕ್ಯಾ?" ಎಂದು ಅವನಿಗೆ ನಿರಾಸೆ.

"ನಹೀ ಭಯ್ಯಾ, ಸಿರ್ಫ್ ದೇಖನೇ ಕಾ," ಬರೀ ನೋಡುವುದಕ್ಕೆ ಎಂದು ಅವ್ವ ನನಗಿಂತ ಮೊದಲು ಹೇಳಿ, ಅವನ ಬೆರಳಚ್ಚನ್ನು ಸೆರಗಿನಿಂದ ಒರೆಸಿ ಡಬ್ಬಿ ಮುಚ್ಚಿದಳು. ಆ ಹೊತ್ತಿಗೆ ಆ ಸೆರಗಿಗೆ ನಾನು ಮನಸಿನಲ್ಲೇ ಕೈ ಮುಗಿದೆ.

ಪರದೆಯಿಲ್ಲದ ಊರು

ಮರೈಕೆ ಐವತ್ತು ದಾಟಿದ ಗಟ್ಟಿ ಹೆಂಗಸು. ನಮ್ಮನ್ನು ತನ್ನ ಮನೆಯಲ್ಲೇ ಇಳಿಸಿಕೊಂಡಳು. ಕಾಫಿ ಕೊಟ್ಟಳು, ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದಳು, ಒಂದೊಂದು ತೆಗೆದುಕೊಂಡೆವು, ಡಬ್ಬಿ ಮುಚ್ಚಿ ಒಳಗಿಟ್ಟಳು. ಅವ್ವ ಇನ್ನೂ ಕೈ ಚಾಚಿಯೇ ಇದ್ದಳು. ನಮ್ಮಲ್ಲಾದರೆ ಬೇಡ ಬೇಡ ಎಂದರೂ ತಟ್ಟೆ ತುಂಬುತ್ತೇವೆ. ಇಲ್ಲಿ ಬೇಡ ಎನ್ನುವ ಅವಕಾಶವೇ ಬರಲಿಲ್ಲ.

"ಜಿಪುಣಿ ಅಲ್ಲವಾ, ಅಕೀ ಭಾಳ ಶಿಸ್ತಿನಾಕಿ ಇರಬೇಕು," ಎಂದು ಅವ್ವ ತಾನೇ ಸಮಾಧಾನ ಮಾಡಿಕೊಂಡಳು.

ಸಂಜೆ ಊರು ಸುತ್ತಲು ಹೋದೆವು. ಒಂದು ಮನೆಯ ಕಿಟಕಿಗೂ ಪರದೆ ಎಳೆದಿರಲಿಲ್ಲ. ಒಳಗೆ ಗಂಡ ಹೆಂಡತಿ ಉಣ್ಣುತ್ತಿರುವುದು, ಮಗು ಅಳುತ್ತಿರುವುದು, ಮುದುಕನೊಬ್ಬ ಬನಿಯನ್ನಿನಲ್ಲಿ ಕೂತಿರುವುದು ಎಲ್ಲ ರಸ್ತೆಗೆ ಕಾಣುತ್ತಿತ್ತು. ನಮ್ಮ ಗಲ್ಲಿಯಲ್ಲಿ ಕಿಟಕಿ ಒಂಚೂರು ತೆರೆದರೆ ಎದುರುಮನೆಯವರು ನಮ್ಮ ಸಾರಿನ ಬಗ್ಗೆ ಅಭಿಪ್ರಾಯ ಹೇಳುತ್ತಾರೆ. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಅವ್ವ ಮಾತ್ರ ನಿಂತು ನಿಂತು ನೋಡಿದಳು. ಅವಳ ಕಣ್ಣು ಮನುಷ್ಯರ ಮೇಲಿರಲಿಲ್ಲ, ಗಾಜಿನ ಮೇಲಿತ್ತು.

"ಲೀಲಾ, ಇಲ್ಲಿ ಧೂಳ ಇಲ್ಲವಾ!"

ಕಂಬ, ಗೇಟು, ಅಂಚೆಪೆಟ್ಟಿಗೆ ಎಲ್ಲದರ ಮೇಲೂ ಬೆರಳಾಡಿಸಿ ಬೆರಳು ನೋಡಿಕೊಂಡಳು. ಚೂರೂ ಇಲ್ಲ. ಒಬ್ಬ ಹೆಂಗಸಂತೂ ಮನೆಯ ಮುಂದಿನ ಫುಟ್‌ಪಾತನ್ನೇ ಸೋಪಿನ ನೀರು ಹಾಕಿ ತಿಕ್ಕುತ್ತಿದ್ದಳು. ತನ್ನ ಕುಲದವರನ್ನು ಕಂಡ ಹಾಗೆ ಅವ್ವ ಅವಳಿಗೆ ನಮಸ್ಕಾರ ಮಾಡಿದಳು.

ಭಾನುವಾರ, ಕ್ರೀಡಾಂಗಣ

ಮಕ್ಕಳು ಚೆಂಡಾಡುವ ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ ಸಾಲು ಸಾಲು ಮೇಜು, ಮೇಜಿನ ತುಂಬ ಕಾರು. ಮರೈಕೆಯನ್ನು ಬಿಟ್ಟರೆ ಬಂದವರೆಲ್ಲ ಗಂಡಸರು. ನನ್ನನ್ನು ಕಂಡವರು "ನಿಮ್ಮ ಯಜಮಾನರು ಯಾವ ಮೇಜಿನಲ್ಲಿದ್ದಾರೆ?" ಎಂದು ವಿನಯದಿಂದ ಕೇಳಿದರು. ಅಂಬಾಸಡರ್ ತೋರಿಸಿದ ಮೇಲೆ ಬಾಯಿ ತೆರೆದುಕೊಂಡು ನೋಡಿದರು, ನಾನು ಹೆಮ್ಮೆಯಿಂದ ಸ್ವಲ್ಪ ಉಬ್ಬಿದೆ.

ಆ ಉಬ್ಬು ಪಕ್ಕದ ಸಾಲಿಗೆ ಹೋಗುವ ತನಕ ಮಾತ್ರ. ಅಲ್ಲಿ ಒಂದು ಕಾರಿಗೂ ಹೊಳಪಿಲ್ಲ. ತುಕ್ಕು ಹಿಡಿದ ಲಾರಿ, ಕೆಸರು ಮೆತ್ತಿದ ಜೀಪು, ಬಾಗಿಲು ಕಳಚಿ ಬಿದ್ದ ವ್ಯಾನು. ಎಲ್ಲವೂ ಹೊಸದಾಗಿ ಕಟ್ಟಿ, ಬಣ್ಣ ಹಚ್ಚಿ, ಆಮೇಲೆ ತಿಂಗಳುಗಟ್ಟಲೆ ಕೂತು ಕೈಯಾರೆ ಕೆಡಿಸಿದವು. ಹೀಗೆ ಮಾಡುವವರಿದ್ದಾರೆಂದು ಫೋಟೊ ನೋಡಿ ಗೊತ್ತಿತ್ತು. ಆದರೆ ಕಣ್ಣೆದುರು ಕಂಡಾಗ ನಂಬಲಾಗಲಿಲ್ಲ. ನಾನು ಬಚ್ಚಲಲ್ಲಿ ಉಸಿರು ಬಿಗಿಹಿಡಿದು ಓಡಿಸುವ ಧೂಳನ್ನು ಇವರು ಸಣ್ಣ ಶೀಶೆಯಲ್ಲಿ ತಂದಿಟ್ಟುಕೊಂಡು ಕುಂಚದಿಂದ ಉದುರಿಸುತ್ತಾರೆ! ಊರಲ್ಲಿ ಸಿಗದ್ದಕ್ಕೇ ಇರಬೇಕು.

ಆ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ನೀಲಿ ಕಾರಿತ್ತು. ನೀಲಿ ಎಂದು ಗೊತ್ತಾದದ್ದು ಬಾಗಿಲ ಹಿಡಿಕೆಯ ಹತ್ತಿರ ಒಂದಿಷ್ಟು ಕಂಡದ್ದರಿಂದ. ಉಳಿದಂತೆ ಬೂದು ಧೂಳು, ವರ್ಷಗಟ್ಟಲೆ ನಿಂತ ಗಾಡಿಯ ಮೇಲೆ ಕೂರುವಂಥ ಮೆತ್ತನೆಯ ಧೂಳು. ಬಾನೆಟ್ಟಿನ ಮೇಲೆ ಬೆಕ್ಕು ನಡೆದುಹೋದ ಹೆಜ್ಜೆ, ಸಾಸಿವೆ ಕಾಳಿಗಿಂತ ಚಿಕ್ಕವು. ಬಗ್ಗಿ ನೋಡಿದವಳು ಉಸಿರು ಬಿಡಲು ಹೆದರಿ ಹಿಂದೆ ಸರಿದೆ. ಅಷ್ಟು ಒಳ್ಳೆಯ ಕೆಲಸವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಅಂಬಾಸಡರ್ ನೆನಪಾಗಿ ಮುಖ ಬಿಸಿಯಾಯಿತು.

ಮೇಜಿನ ಹಿಂದೆ ಟೋಪಿ ಹಾಕಿದ ಎತ್ತರದ ಮುದುಕ ಯಾರನ್ನೂ ನೋಡದೆ ಕೂತಿದ್ದ. ಹೆಸರು ಹೆಂಕ್. ಅವ್ವ ಆಗಲೇ ಅವನನ್ನು ವೆಂಕಪ್ಪ ಮಾಡಿಕೊಂಡಿದ್ದಳು. ಮರೈಕೆ ನನ್ನನ್ನು ಬದಿಗೆ ಕರೆದು ಹೇಳಿದಳು: "ಹೆಂಡತಿ ತೀರಿಕೊಂಡ ಮೇಲೆ ಹೆಂಕ್ ಕ್ಲಬ್ಬಿಗೆ ಬಂದಿದ್ದು ಇದೇ ಮೊದಲು. ಬಾಗಿಲು ಬಡಿದರೂ ತೆಗೆಯುತ್ತಿರಲಿಲ್ಲ. ಈ ಕಾರು ಅವನನ್ನು ಹೊರಗೆ ಕರೆತಂದಿದೆ. ಮಧ್ಯಾಹ್ನ ತೀರ್ಪುಗಾರರು ಬರುತ್ತಾರೆ. ಬಹುಮಾನ ಬಂದರೆ ಮುಂದಿನ ತಿಂಗಳೂ ಬರುತ್ತಾನೆ ಎಂದು ನಮಗೆಲ್ಲ ಆಸೆ." ಆ ಧೂಳನ್ನು ಅಂಟು ಹಾಕಿ ಹಿಡಿಸಿಲ್ಲ, ಅಂಟಿನಿಂದ ಒದ್ದೆಯಂತೆ ಕಾಣುತ್ತದೆಂದು ಹಾಗೇ ಉದುರಿಸಿಟ್ಟಿದ್ದಾನೆ ಎಂದೂ ಹೇಳಿದಳು.

ಅವ್ವನಿಗೆ ಕಾಲು ನೋವು ಶುರುವಾಗಿತ್ತು. ಹೆಂಕ್ ತಾನೇ ಎದ್ದು ಅವಳಿಗೆ ಕುರ್ಚಿ ಕೊಟ್ಟು, ಕೈಸನ್ನೆಯಲ್ಲಿ ಈಗ ಬರುತ್ತೇನೆಂದು ಹೊರಗೆ ಹೋದ.

"ಅವ್ವ, ಏನೂ ಮುಟ್ಟಬ್ಯಾಡ. ಕಾಫಿ ತರ್ತೀನಿ," ಎಂದೆ.

"ನಾ ಯಾಕ ಮುಟ್ಟಲೆವಾ, ಹುಚ್ಚಿ."

ಎರಡು ಲೋಟ ಕಾಫಿ ಹಿಡಿದು ಸಾಲಿನ ತುದಿಗೆ ಬಂದಾಗ ಅವ್ವನ ಬೆನ್ನು ಕಂಡಿತು. ಬೆನ್ನು ಬಗ್ಗಿತ್ತು. ಬಲಗೈ ಆಚೆ ಈಚೆ ಆಡುತ್ತಿತ್ತು. ಆ ಕೈಯಾಟವನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಓಡಿದೆ. ಕಾಫಿ ಮೊಣಕೈ ತನಕ ಚೆಲ್ಲಿತು. ಅಷ್ಟರಲ್ಲಿ ಅವ್ವ ಮುಂದಿನ ಗಾಜಿಗೆ ಹಾ ಎಂದು ಬಾಯಿಯ ಆವಿ ಊದಿ, ಸೆರಗಿನ ತುದಿಯಿಂದ ಕೊನೆಯ ಸುತ್ತು ಸುತ್ತಿಸಿ, ಕಾರನ್ನು ನನ್ನತ್ತ ತಿರುಗಿಸಿದಳು.

"ನೋಡು, ಒಳಗ ಎಷ್ಟ ಚಂದ ಬಣ್ಣ ಐತಿ! ಪಾಪ, ಹೆಣ್ಣಮಕ್ಕಳಿಲ್ಲದ ಮನಿ ಇರಬೇಕು."

ಬಾನೆಟ್ಟು, ಮೇಲ್ಛಾವಣಿ, ಮುಂದಿನ ಗಾಜು ಹೊಳೆಯುತ್ತಿದ್ದವು. ಬೆಕ್ಕಿನ ಹೆಜ್ಜೆ ಇರಲಿಲ್ಲ.

"ಮುಟ್ಟಬ್ಯಾಡ ಅಂದಿದ್ನಲ್ಲ ಅವ್ವ!"

"ನಾ ಎಲ್ಲಿ ಮುಟ್ಟೀನಿ? ಧೂಳ ಒರಸೀನಿ."

ಒರೆಸುವುದು ಅವ್ವನ ಲೆಕ್ಕದಲ್ಲಿ ಮುಟ್ಟುವುದಲ್ಲ. ಇದನ್ನು ನಾನು ಡಚ್ಚರಿಗೆ ಯಾವ ಭಾಷೆಯಲ್ಲಿ ವಿವರಿಸಲಿ? ತಿರುಗಿ ನೋಡಿದರೆ ಹೆಂಕ್ ನಿಂತಿದ್ದ. ಕಾರು ನೋಡಿದ, ಅವ್ವನ ಸೆರಗು ನೋಡಿದ. ಬೂದು ಬಣ್ಣ ಸೆರಗಿಗೆ ಮೆತ್ತಿಕೊಂಡಿತ್ತು. ಅವನ ಮುಖ ಸುಣ್ಣದಂತೆ ಬೆಳ್ಳಗಾಯಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ಕಾರಿನ ಮುಂದಿದ್ದ ಹೆಸರಿನ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ, ಕಾರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ನಡೆದುಬಿಟ್ಟ.

ನಮ್ಮ ಮೆಹದಿಪಟ್ಟಣಂನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಗುಂಪು ಸೇರಿ, ಅರ್ಧ ಜನ ನಮಗೆ ಬೈದು, ಇನ್ನರ್ಧ ಜನ "ಜಾನೇ ದೋ ಭಾಯ್, ಅಮ್ಮಾ ಹೈ" ಎಂದು ನಮ್ಮ ಪರ ನಿಂತು, ಕೊನೆಗೆ ಎಲ್ಲರೂ ಚಹಾ ಕುಡಿಯುತ್ತಿದ್ದರು. ಇಲ್ಲಿ ಒಬ್ಬರೂ ಬರಲಿಲ್ಲ. ಎಲ್ಲರೂ ನೋಡಿದರು, ನೋಡಿ ಮೆಲ್ಲಗೆ ತಮ್ಮ ತಮ್ಮ ಮೇಜಿನ ಕಡೆ ತಿರುಗಿಕೊಂಡರು. ಆ ಮರ್ಯಾದೆಯನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮರೈಕೆಯ ಕೈ ಹಿಡಿದು, ನನ್ನ ಕಾರನ್ನು ಸ್ಪರ್ಧೆಯಿಂದ ತೆಗೆಯುತ್ತೇನೆ, ಶೀಶೆಯಲ್ಲಿರುವ ಧೂಳು ಕೊಟ್ಟರೆ ಕೂತು ಮತ್ತೆ ಉದುರಿಸುತ್ತೇನೆ, ಏನು ಬೇಕಾದರೂ ಮಾಡುತ್ತೇನೆ ಎಂದೆ.

"ಅದು ಆಗುವ ಕೆಲಸವಲ್ಲ. ಬಹಳ ಕೆಟ್ಟದ್ದಾಯಿತು," ಎಂದಳು ಮರೈಕೆ.

ಪರವಾಗಿಲ್ಲ ಬಿಡಿ ಎಂದು ಒಂದು ಸುಳ್ಳಾದರೂ ಹೇಳಬಾರದಿತ್ತೇ? ಈ ಜನ ಅದನ್ನು ಹೇಳುವುದಿಲ್ಲ. ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಬೇಕಂತಲೇ ಧೂಳು ಮಾಡಿದ್ದು ಎಂಬ ಮಾತನ್ನು ಅವಳು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ನಂಬಿದ ಮೇಲೆ ಸೆರಗಿನ ತುದಿಯನ್ನು ನೋಡಿಕೊಂಡಳು. ಅವ್ವನ ಕಣ್ಣಲ್ಲಿ ನೀರು ನೋಡಿ ನನಗೂ ಅಳು ಬಂತು. ಆಮೇಲೆ ಎದ್ದಳು.

"ನಡಿ. ಅಂವನ ಮುಂದ ಹೋಗಿ ನಿಂದ್ರೂಣು."

ಹೊರಗಿನ ಬೆಂಚು

ಹೆಂಕ್ ಸೈಕಲ್ಲುಗಳ ಸಾಲಿನ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಕಾರು ತೊಡೆಯ ಮೇಲಿತ್ತು. ಅವ್ವ ಬೆಂಚಿನ ಇನ್ನೊಂದು ತುದಿಗೆ ಕೂತಳು. ನಾನು ನಿಂತು ಅವನ ಇಂಗ್ಲಿಷನ್ನು ಅವ್ವನಿಗೆ, ಅವ್ವನ ಮಾತನ್ನು ಇಂಗ್ಲಿಷಿನಲ್ಲಿ ಅವನಿಗೆ ಹೇಳಿದೆ.

"ವೆಂಕಪ್ಪಾರ, ತಪ್ಪಾತ್ರಿ. ನನಗ ತಿಳೀಲಿಲ್ಲ. ನಮ್ಮ ಊರಾಗ ಧೂಳ ತಾನ ಬರತೈತಿ, ಯಾರೂ ಮಾಡಾಂಗಿಲ್ಲ."

ಹೆಂಕ್ ಹೇಳಿದ: "ಇಲ್ಲಿಯೂ ತಾನೇ ಬರುತ್ತದೆ. ಬಾಗಿಲು ಮುಚ್ಚಿಟ್ಟರೆ."

ಆಮೇಲೆ ಒಂದೊಂದೇ ಮಾತು ಬಂತು. ಈ ಮಾಡೆಲ್ಲಿನ ಮೂಲ ಅವನ ಹೆಂಡತಿಯ ಕಾರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವಳೇ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ್ದು. ಅಂದಿನಿಂದ ಅವನು ಅದನ್ನು ಮುಟ್ಟಿಲ್ಲ. ದಿನಾ ಟಾರ್ಚು ಹಿಡಿದು ಹೋಗಿ, ಧೂಳು ಎಲ್ಲಿ ಎಷ್ಟು ಕೂತಿದೆ, ಬೆಕ್ಕು ಎಲ್ಲಿ ನಡೆದಿದೆ ನೋಡಿ ಬರುತ್ತಿದ್ದ. ನೋಡಿ ಬಂದದ್ದನ್ನು ಈ ಪುಟ್ಟ ಕಾರಿನ ಮೇಲೆ ಉದುರಿಸುತ್ತಿದ್ದ.

ಅವ್ವನಿಗೆ ಹೇಳಿದೆ. ಕ್ಷಮೆ ಕೇಳುತ್ತಾಳೆ ಎಂದುಕೊಂಡರೆ ಅವಳು ನೆಟ್ಟಗೆ ಕೂತು ಗದರಿಬಿಟ್ಟಳು!

"ಹಂಗಾರ ಬ್ಯಾಟರಿ ಸತ್ತಿರತೈತಿ. ಟೈರ್ ನೆಲಕ್ಕ ಕೂತಿರತಾವ. ಹೆಣತಿ ಗಾಡಿನ ಹಿಂಗ ಇಡೂದೇನ್ರಿ? ಆಕಿ ನೋಡಿದ್ರ ಬೈತಿದ್ಲೋ ಇಲ್ಲೋ, ಕೇಳು ಅಂವನ್ನ."

ಯಾರ ಕೆಲಸ ಕೆಡಿಸಿ ಬಂದಿದ್ದೇವೋ ಅವನಿಗೇ ಬೈಗುಳ. ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಮಾತನ್ನು ತೊಳೆದು ನಯ ಮಾಡಿ, "ನಿಮ್ಮ ಹೆಂಡತಿಗೆ ಕಾರು ಹೇಗಿದ್ದರೆ ಇಷ್ಟವಿತ್ತು ಎಂದು ಅಮ್ಮ ಕೇಳುತ್ತಿದ್ದಾರೆ," ಎಂದೆ. ಅವನು ಅವ್ವನ ಧ್ವನಿ ಕೇಳಿಯೇ ತಲೆಯೆತ್ತಿದ್ದ.

"ಪ್ರತಿ ಶನಿವಾರ ತೊಳೆಯುತ್ತಿದ್ದಳು. ಮಳೆ ಬಂದರೂ."

"ಮತ್ತ!" ಎಂದಳು ಅವ್ವ. ಅವನನ್ನು ನೋಡದೆ ಸೈಕಲ್ಲುಗಳ ಕಡೆ ನೋಡುತ್ತ ಹೇಳಿದಳು: "ನಮ್ಮನಿಯವರ ಸ್ಕೂಟರ್ ನಾ ಅವರು ಹೋಗಿ ತಿಂಗಳ ತುಂಬೂದ್ರಾಗ ಬಾಜೂಮನಿಯವರಿಗೆ ಕೊಟ್ಟಬಿಟ್ಟೆ. ಈಕಿ ನನ್ನ ಜೋಡಿ ಭಾಳ ದಿವಸ ಮಾತಾಡಲಿಲ್ಲ. ಏನ್ ಮಾಡ್ಲಿ? ದಿನಾ ಮುಂಜಾನೆ ಅದನ್ನ ಒರಸಾಕ ಹೋದ್ರ ಕೈ ನಡಗತಿದ್ವು. ಒರಸದ ಬಿಡಾಕೂ ಆಗತಿದ್ದಿಲ್ಲ. ಅದಕ್ಕ ಕೊಟ್ಟೆ."

ಅಪ್ಪನ ಸ್ಕೂಟರು ಮೆಟ್ಟಿಲ ಕೆಳಗೆ ಜಾಗ ಹಿಡಿಯುತ್ತದೆಂದು ಕೊಟ್ಟಳೆಂದೇ ನಾನು ಇಷ್ಟು ದಿನ ತಿಳಿದಿದ್ದೆ. ಕಲ್ಲು ಮನಸ್ಸಿನವಳು ಎಂದು ಅಕ್ಕನಿಗೆ ಫೋನ್ ಮಾಡಿ ಅತ್ತಿದ್ದೆ. ಮನೆಯಲ್ಲಿ ಒಂದೇ ಒಂದು ಸಲ ಹೇಳದ ಮಾತನ್ನು ಅವ್ವ ಇಲ್ಲಿ, ಪರದೇಶದ ಬೆಂಚಿನಲ್ಲಿ, ಭಾಷೆ ಬಾರದವನಿಗೆ ಹೇಳುತ್ತಿದ್ದಾಳೆ. ಆ ದಿನ ಕಂಡ ಕೇಳಿದ ಎಲ್ಲದಕ್ಕಿಂತ ನನ್ನನ್ನು ಅಲುಗಾಡಿಸಿದ್ದು ಇದು. ಅವನಿಗೆ ಹೇಳುವುದನ್ನೇ ಮರೆತೆ.

"ಹೇಳವಾ ಅಂವಗ," ಎಂದು ಅವ್ವ ನನ್ನ ಕೈ ಅಲುಗಿಸಿದಳು.

ಹೇಳಿದೆ. ಹೆಂಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಿಮ್ಮ ತಾಯಿ ಒಮ್ಮೆ ನಮ್ಮ ಮನೆಗೆ ಬರುತ್ತಾರೆಯೇ ಎಂದು ಕೇಳಿದ.

ಒಳಗೆ ತೀರ್ಪುಗಾರರು ನನ್ನ ಅಂಬಾಸಡರನ್ನು ತಲೆಕೆಳಗು ಮಾಡಿ, ಹೊಟ್ಟೆಗೆ ಟಾರ್ಚು ಬಿಟ್ಟು, ನಾನು ಯಾರು ನೋಡುತ್ತಾರೆಂದು ಬಣ್ಣ ಹಚ್ಚದೆ ಬಿಟ್ಟಿದ್ದ ಸೈಲೆನ್ಸರ್ ಪೈಪನ್ನು ಕಂಡುಹಿಡಿದಿದ್ದರಂತೆ. ಮರೈಕೆ ಹೇಳಿದಾಗ ಅದು ಯಾರದೋ ಕಾರಿನ ಸುದ್ದಿಯಂತೆ ಕೇಳಿಸಿತು.

ಗ್ಯಾರೇಜು

ಸಂಜೆ ಮರೈಕೆ ನಮ್ಮನ್ನು ಹೆಂಕನ ಮನೆಗೆ ಕರೆದೊಯ್ದಳು. ಆ ಬೀದಿಯಲ್ಲಿ ಪರದೆ ಎಳೆದಿದ್ದ ಮನೆ ಅದೊಂದೇ. ಗ್ಯಾರೇಜಿನ ಕದ ಕಿರ್ರೆಂದು ಮೇಲಕ್ಕೆ ಹೋಯಿತು. ಹೊರಗಿನ ಬೆಳಕು ಒಳಗೆ ಬಿದ್ದಾಗ ನಾನು "ಅಯ್ಯೋ" ಎಂದು ಕೂಗಿಯೇ ಬಿಟ್ಟೆ. ಬೆಳಗ್ಗೆ ಮೇಜಿನ ಮೇಲೆ ನೋಡಿದ್ದ ಕಾರು ದೊಡ್ಡದಾಗಿ ನನ್ನೆದುರು ನಿಂತಿತ್ತು. ಅದೇ ಬೂದು ಧೂಳು, ಬಾಗಿಲ ಹಿಡಿಕೆಯ ಹತ್ತಿರ ಅದೇ ಚೂರು ನೀಲಿ. ಟೈರುಗಳು ಅವ್ವ ಹೇಳಿದಂತೆ ನೆಲಕ್ಕೆ ಕೂತಿದ್ದವು. ಈ ದೇಶದ ಧೂಳೆಲ್ಲ ಇಲ್ಲಿ ಬಂದು ಸೇರಿತ್ತು.

ನಾನು ಮೊದಲು ನೋಡಿದ್ದು ಅವ್ವನ ಕೈಯನ್ನು. ಅದು ಆಗಲೇ ಸೆರಗಿಗೆ ಹೋಗಿತ್ತು. ತುದಿ ಹಿಡಿದು ಒಂದು ಹೆಜ್ಜೆ ಮುಂದಿಟ್ಟಳು. ಅಲ್ಲಿಯೇ ನಿಂತಳು. ಆಮೇಲೆ ಆ ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಎರಡೂ ಕೈ ಕಟ್ಟಿಕೊಂಡಳು.

"ಇದನ್ನ ನಾ ಮುಟ್ಟಾಕಿ ಅಲ್ಲವಾ. ಅಂವಗ ಹೇಳು, ಅಂವನ ಒರಸಲಿ."

ಹೆಂಕ್ ಜೇಬಿನಿಂದ ಕರವಸ್ತ್ರ ತೆಗೆದ. ಅದನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಡ್ರೈವರ್ ಬದಿಯ ಕಿಟಕಿಗೆ ಕೈಯಿಟ್ಟು ಒಂದು ಅಂಗೈಯಗಲ ಒರೆಸಿದ. ಬಗ್ಗಿ ಒಳಗೆ ನೋಡಿದ. ಸೀಟಿನ ಮೇಲೆ ಏನಿತ್ತೋ ನಮಗೆ ಕಾಣಲಿಲ್ಲ, ಅವನಿಗೆ ಕಂಡಿತು. ಆ ಎತ್ತರದ ಮನುಷ್ಯ ಹಣೆಯನ್ನು ಗಾಜಿಗೆ ಒತ್ತಿಕೊಂಡು ದನಿ ತೆಗೆದು ಅತ್ತ. ಮರೈಕೆ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ನೋಡಿದಳು.

ಅವ್ವ ಹತ್ತಿರ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅರ್ಧ ಒರೆಸಿದ ಮೇಜು ಕಂಡರೆ ಊಟ ಬಿಟ್ಟು ಏಳುವ ಅವ್ವ, ಆ ಅಂಗೈಯಗಲದ ಗಾಜನ್ನೂ ಉಳಿದ ಅಷ್ಟೂ ಧೂಳನ್ನೂ ನೋಡಿ ನನ್ನ ಕಡೆ ತಿರುಗಿದಳು.

"ಇವತ್ತಿಗೆ ಇಷ್ಟ ಸಾಕು ಅಂತ ಹೇಳವಾ ಅಂವಗ. ಉಳಿದದ್ದು ಶನಿವಾರ ಮಾಡ್ಲಿ."